ತಾರಸಿಯ ಮೇಲಿನ ಶಿಶುವಿಹಾರ

ಅರವತ್ತು ದಾಟಿದ ಗಂಡಸೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು, ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ಪರಮೇಶ್ವರಯ್ಯನವರನ್ನು ನಾನು ಮೊದಲು ಕಂಡದ್ದು ಹಾಗೆ. ಹೂವಿಲ್ಲ, ಬಳ್ಳಿಯಿಲ್ಲ, ಚುಕ್ಕಿಯಿಲ್ಲ. ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ, ನಡುವೆ ಒಂದು ಕಡೆ ಪುಡಿ ಉದುರಿಸದೆ ಬಿಟ್ಟ ಸಂದು. ಮೆಟ್ಟಿಲು ಹತ್ತಿ ಬಂದ ನಾನು ಸೀದಾ ಅವರ ಬಳಿಗೆ ಹೋಗಿ ನಮಸ್ಕಾರ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಗೋಡೆ ಒಳಗಿಂದ ನುಗ್ಗಿ ಬಂದ್ಯಲ್ಲಮ್ಮ. ಬಾಗಿಲು ಆ ಕಡೆ ಇದೆ" ಅಂದರು.

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ, ಕೈಯಲ್ಲಿ ಪುಡಿ ಹಿಡಿದುಕೊಂಡೇ ಕಾದರು. ಕೊನೆಗೆ ನಾನು ಹಿಂದಕ್ಕೆ ಹೋಗಿ, ಸುತ್ತಿಕೊಂಡು, ಆ ಸಂದಿನ ಮೂಲಕ ಒಳಗೆ ಬಂದೆ. "ಹಾಂ, ಈಗ ಹೇಳು" ಅಂದರು.

ಆಗ ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಬಂದು ಕೆಲವೇ ತಿಂಗಳಾಗಿತ್ತು. ವಿಜಯನಗರದಲ್ಲಿ ದೂರದ ನೆಂಟರ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದೆ. ಊಟಕ್ಕೆ ಕರೆಯುತ್ತಿದ್ದರು, ಮಾತಿಗೆ ಕರೆಯುತ್ತಿರಲಿಲ್ಲ. ಕೆಲಸ ರಾಜಾಜಿನಗರದ ಒಂದು ಸಣ್ಣ ಸೇವಾ ಸಂಘದಲ್ಲಿ: ಒಂದು ಬಾಡಿಗೆ ಕೋಣೆ, ಒಂದು ಟೈಪ್‌ರೈಟರ್, ಆಗೊಮ್ಮೆ ಈಗೊಮ್ಮೆ ಸೇರಿ ಚಹಾ ಕುಡಿದು ಹೋಗುವ ಕಮಿಟಿ. ಲಗ್ಗೆರೆಯ ಹೆಂಗಸರು ಹಗಲೆಲ್ಲ ಒಂದು ಶೆಡ್ಡಿನಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಅವರ ಕೂಸುಗಳು ಪಕ್ಕದಲ್ಲೇ ಇದ್ದಿಲ ಪುಡಿಯಲ್ಲಿ ಹೊರಳಾಡಿಕೊಂಡು ಬೆಳೆಯುತ್ತಿದ್ದವು. ಆ ಮಕ್ಕಳಿಗೊಂದು ಶಿಶುವಿಹಾರ ಮಾಡಬೇಕೆಂದು ಸಂಘ ನಿಶ್ಚಯಿಸಿತ್ತು. ಹೊರದೇಶದ ದಾನಿ ಸಂಸ್ಥೆಯೊಂದು ನೆರವು ಕೊಡಲು ಒಪ್ಪಿದ್ದರೂ ಮೊದಲು ಯೋಜನೆ ಬರೆದು ಕಳಿಸಿ ಎಂದಿತ್ತು. ಇಂಗ್ಲಿಷ್ ಬರುವವಳು ನಾನೊಬ್ಬಳೇ ಆದ್ದರಿಂದ ಕೆಲಸ ನನ್ನ ತಲೆಗೆ ಬಂತು. ಬರೆದು ಮುಗಿಸಿದಾಗ ಕಾರ್ಯದರ್ಶಿಗಳು, "ಬಿಡಿಓ ಸಾರ್‌ಗೆ ಒಂದ್ಸಲ ತೋರಿಸ್ಕೊಂಡು ಬಾಮ್ಮ" ಅಂದರು.

ಪರಮೇಶ್ವರಯ್ಯನವರು ತಾಲ್ಲೂಕುಗಳಲ್ಲಿ ಬಿಡಿಓ, ಅಂದರೆ ಬ್ಲಾಕ್ ಅಭಿವೃದ್ಧಿ ಅಧಿಕಾರಿ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ರಾಜಾಜಿನಗರದಲ್ಲಿ ಜಯಮ್ಮನವರೆಂಬ ವಿಧವೆಯ ಮನೆಯ ಮೇಲೆ, ತಾರಸಿಗೆ ಅಂಟಿಕೊಂಡ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ನಮ್ಮಂಥ ಸಂಘಗಳಿಗೆ ಯೋಜನೆ ಹಾಕಿಕೊಡುವುದನ್ನು ಹವ್ಯಾಸ ಮಾಡಿಕೊಂಡಿದ್ದರು.

ನನ್ನ ಹಾಳೆಗಳನ್ನು ಒಂದೂ ಬಿಡದೆ ಓದಿದರು. ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟರು.

"ಇಂಗ್ಲಿಷ್ ಚೆನ್ನಾಗಿದೆ. ಮಕ್ಕಳ ಸರ್ವತೋಮುಖ ಬೆಳವಣಿಗೆ ಅಂತ ಬರ್ದಿದೀಯ. ಬೆಳಿಗ್ಗೆ ಎಂಟೂವರೆಗೆ ಅದು ಏನ್ ಮಾಡ್ತಾ ಇರುತ್ತೆ?"

"ಯಾವ್ದು ಸಾರ್?"

"ಸರ್ವತೋಮುಖ."

ಅವರು ಗೆರೆಗಳ ಕಡೆ ತೋರಿಸಿದರು. ಆಗ ಗೊತ್ತಾಯಿತು, ನಾನು ನುಗ್ಗಿ ಬಂದದ್ದು ಲಗ್ಗೆರೆಯಲ್ಲಿ ಬಾಡಿಗೆಗೆ ನೋಡಿದ್ದ ಶೆಡ್ಡಿನ ಗೋಡೆ. ಕಾರ್ಯದರ್ಶಿಗಳು ಮೊದಲೇ ಹೇಳಿದ್ದರಿಂದ ಬೆಳಗ್ಗೆಯೇ ಹೋಗಿ ಹೆಜ್ಜೆಯಲ್ಲಿ ಅಳೆದುಕೊಂಡು ಬಂದಿದ್ದರು.

"ಸರ್ವೀಸ್ ಪೂರ್ತಿ ಕಾಗದದ ಮೇಲೇ ಯೋಜನೆ ಮಾಡ್ದೆ ಕಣಮ್ಮ. ಕಾಗದದ ಮೇಲೆ ಮಳೆ ಬರಲ್ಲ, ಮಗು ಅಳಲ್ಲ, ಆಯಾಗೆ ಜ್ವರ ಬರಲ್ಲ. ಒಂದೂರಲ್ಲಿ ನೇಯ್ಗೆ ಕೇಂದ್ರ ಕಟ್ಟಿಸ್ದೆ. ಮಂತ್ರಿಗಳು ಬಂದು ಟೇಪ್ ಕತ್ತರಿಸಿದ್ರು. ಮಾರನೇ ದಿನ ಮಗ್ಗ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ. ಸಹಿ ಹಾಕಿದೋರೆಲ್ಲ ನಾವೇ. ಒಬ್ರೂ ಮಗ್ಗ ಹೊತ್ಕೊಂಡು ಆ ಬಾಗಿಲಲ್ಲಿ ನಡೆದು ನೋಡಿರ್ಲಿಲ್ಲ."

ಆಮೇಲಿಂದ ಅವರು ಯಾವ ಯೋಜನೆಯನ್ನೂ ನಡೆದು ನೋಡದೆ ಬರೆಯುತ್ತಿರಲಿಲ್ಲವಂತೆ. ನಾನು ಕಲಿತದ್ದೂ ಹಾಗೆಯೇ. ಭಾನುವಾರ ಬೆಳಗ್ಗೆ ತಾರಸಿಗೆ ಹೋಗಬೇಕು. ಅವರು ಗೆರೆ ಎಳೆದಿರುತ್ತಾರೆ. ನಾನು ಬಾಗಿಲಿನ ಮೂಲಕ ಒಳಗೆ ಬಂದ ಕೂಡಲೇ ಪ್ರಶ್ನೆ: "ಈಗ ನೀನು ಯಾರು?"

ಮೊದಲ ದಿನ ನಾನು ಮೂರು ವರ್ಷದ ಮಗು. ಮಗುವಿನ ಎತ್ತರಕ್ಕೆ ಕುಕ್ಕರಿಸಿ, ಸೀರೆ ಸಾವರಿಸಿಕೊಳ್ಳುತ್ತಾ ಬಾತುಕೋಳಿಯಂತೆ ತಾರಸಿಯೆಲ್ಲ ನಡೆದೆ. ಪಕ್ಕದ ಮನೆಯ ಹುಡುಗಿಯರು ಕಿಟಕಿಯಲ್ಲಿ ಸಾಲಾಗಿ ನಿಂತರು. ನೀರಿನ ಮಡಕೆಯೆಂದು ಇಟ್ಟಿದ್ದ ಡಬ್ಬ ನನ್ನ ಕೈಗೆ ಎಟುಕಲಿಲ್ಲ. ಸ್ಟೌವ್ ಎಂದು ಇಟ್ಟಿದ್ದ ಇಟ್ಟಿಗೆ ಸರಿಯಾಗಿ ಮೂಗಿನ ಮುಂದೆ ಬಂತು. "ನೋಡ್ದ್ಯಾ? ಕುಡಿಯೋದು ಮೇಲೆ, ಸುಡೋದು ಕೆಳಗೆ. ಎಂ.ಎ. ಆದೋರು ಮಾಡಿರೋ ಶಿಶುವಿಹಾರ" ಎಂದು ಅಡಿಗೆಯನ್ನು ಗೆರೆಯಿಂದ ಆಚೆಗೆ ಸಾಗಿಸಿದರು. ನನ್ನ ಹಾಳೆಯಲ್ಲಿ 'ಪೌಷ್ಟಿಕ ಆಹಾರ' ಎಂಬ ಒಂದು ಸಾಲಿದ್ದ ಜಾಗದಲ್ಲಿ, ಮಡಕೆ ಎಷ್ಟು ಎತ್ತರದಲ್ಲಿರಬೇಕು, ಒಲೆಗೂ ಚಾಪೆಗೂ ನಡುವೆ ಏನಿರಬೇಕು ಎಂಬ ಮಾತುಗಳು ಬಂದವು.

ಆಯಾ ಕೆಲಸಕ್ಕೆ ಗೊತ್ತುಮಾಡಿದ್ದ ಗಂಗಮ್ಮ ಲಗ್ಗೆರೆಯಿಂದ ಬರುತ್ತಿದ್ದಳು. ಅವಳಿಗೆ ಆಯಾ ಆಗುವುದಷ್ಟೇ ಕೆಲಸ. "ನಾನು ನಾನೇ ಆಗಕ್ಕೆ ಇಷ್ಟು ದೂರ ಬರ್ಬೇಕಾ ಸಾಮಿ?" ಅನ್ನುತ್ತಿದ್ದಳು. ಪರಮೇಶ್ವರಯ್ಯನವರು ಉಳಿದದ್ದೆಲ್ಲ ಆಗುತ್ತಿದ್ದರು. ಕೊಡೆ ಬಿಚ್ಚಿಕೊಂಡು ಗೆರೆಯ ಸುತ್ತ ಸುತ್ತಿ ಮಳೆ ಆಗುತ್ತಿದ್ದರು. ಬಿಲ್ ಕೇಳಲು ಬಂದ ಹಾಲಿನವನಾಗುತ್ತಿದ್ದರು. ಜ್ವರ ಬಂದ ಆಯಾ ಆಗಿ ಮೂಲೆಯಲ್ಲಿ ಮಲಗಿ, "ಈಗ ಯಾರು ನೋಡ್ಕೋತೀರಿ? ಬರಿ, ಅದನ್ನ ಬರಿ" ಅನ್ನುತ್ತಿದ್ದರು.

ಜಯಮ್ಮನವರಿಗೆ ಇದರಿಂದ ದೊಡ್ಡ ತೊಂದರೆ. ಹಪ್ಪಳ ಮಾಡಿ ಅಂಗಡಿಗಳಿಗೆ ಕೊಟ್ಟು ಬದುಕುತ್ತಿದ್ದವರು ಅವರು. ಒಣಗಿಸಲು ಇದ್ದದ್ದು ಅದೇ ತಾರಸಿ.

"ಸ್ವಾಮಿ, ನಿಮ್ಮ ಮಕ್ಕಳನ್ನ ಸ್ವಲ್ಪ ಆ ಕಡೆ ಮಲಗಿಸಿ. ನನ್ನ ಹಪ್ಪಳಕ್ಕೆ ಬಿಸಿಲು ಬೇಕು."

"ಆ ಕಡೆ ಅಡಿಗೆಮನೆ ಇದೆ ಜಯಮ್ಮನೋರೆ."

"ಇರೋ ಅಡಿಗೆಮನೆಯಲ್ಲಿ ನಾನು ಬೆಂದು ಹೋಗಿದೀನಿ, ಇಲ್ದೇ ಇರೋ ಅಡಿಗೆಮನೆಗೆ ಜಾಗ ಬಿಡ್ಬೇಕಾ?"

ಒಂದು ದಿನ ಅವರನ್ನೇ ಸ್ಟೂಲಿನ ಮೇಲೆ ಕೂರಿಸಿ, ನೀವೀಗ ದಾನಿ ಸಂಸ್ಥೆಯ ಮೇಡಂ ಅಂದರು ಪರಮೇಶ್ವರಯ್ಯ. ನಾನು ಯೋಜನೆ ವಿವರಿಸಬೇಕು. ಜಯಮ್ಮ ಸೆರಗು ಹೊದ್ದು ಗಂಭೀರವಾಗಿ ಪೂರ್ತಿ ಕೇಳಿದರು. ಕೇಳಿ, "ಎಲ್ಲಾ ಸರಿ. ಮಕ್ಕಳಿಗೆ ಉಚ್ಚೆ ಬಂದ್ರೆ?" ಅಂದರು. ಪರಮೇಶ್ವರಯ್ಯ ರಂಗೋಲಿ ಡಬ್ಬಿ ತೆಗೆದುಕೊಂಡು ಗೆರೆ ಎಳೆಯಲು ಮತ್ತೆ ಕುಕ್ಕರಿಸಿದರು.

ನಗು ಬರುತ್ತಿದ್ದದ್ದು ಭಾನುವಾರ ಮಾತ್ರ. ಒಂದು ಸಂಜೆ ಮರೆತ ಕೊಡೆಗಾಗಿ ವಾಪಸು ಹೋದೆ. ಮೆಟ್ಟಿಲ ಮೇಲ್ತುದಿಯಲ್ಲಿ ಜಯಮ್ಮ ನನ್ನನ್ನು ತಡೆದು, "ಸ್ವಲ್ಪ ಹೊತ್ತು ಬಿಟ್ಟು ಹೋಗಮ್ಮ" ಅಂದರು. ಇಣುಕಿ ನೋಡಿದೆ. ಮುಗಿದುಹೋದ ಯಾವುದೋ ಯೋಜನೆಯ ಮಾಸಿದ ಗೆರೆಗಳ ಒಳಗೆ ಅವರೊಬ್ಬರೇ ಇದ್ದರು. ಬಾಗಿಲಿಂದ ಒಳಗೆ ಬರುತ್ತಾರೆ, ಸುತ್ತ ನೋಡುತ್ತಾರೆ, ಏನೋ ಕೇಳಿದಂತೆ ತಲೆಯಾಡಿಸುತ್ತಾರೆ, ಹೊರಗೆ ಹೋಗುತ್ತಾರೆ. "ದಿನಾ ಹೀಗೇ. ಯಾರೂ ಇಲ್ದಿದ್ರೂ ಯಾರಾದ್ರೂ ಆಗ್ತಿರ್ತಾರೆ" ಅಂದರು ಜಯಮ್ಮ. ನಾನು ಕೊಡೆ ತೆಗೆದುಕೊಳ್ಳದೆ ವಿಜಯನಗರದ ನನ್ನ ಕೋಣೆಗೆ ನಡೆದುಹೋದೆ. ದಾರಿಯುದ್ದಕ್ಕೂ, ನಾನೂ ಅಲ್ಲಿ ಹೋಗಿ ಅವರ ಜೊತೆ ಯಾರಾದರೂ ಆಗಿ ನಿಲ್ಲಬಹುದಿತ್ತು ಅನ್ನಿಸುತ್ತಿತ್ತು.

ಲಗ್ಗೆರೆಯ ಶೆಡ್ಡಿನಲ್ಲಿ ಅವರಿಗೆ ಒಂದು ವಿಷಯ ಹಿಡಿಸಿರಲಿಲ್ಲ. ಪಕ್ಕದ ಗೋಡೆಯಾಚೆ ಮಾಲೀಕರ ಗೋಡೌನು. ಸೆಂಟ್ ಹಾಕಿ ಕಟ್ಟಿದ ಊದುಬತ್ತಿಯ ಕಟ್ಟುಗಳನ್ನು ಅಲ್ಲಿ ಪೇರಿಸಿಡುತ್ತಿದ್ದರು. ಬೇರೆ ಜಾಗ ಸಿಗಲಿಲ್ಲ. ಹಾಗಾಗಿ ಹಿಂದಿನ ಗೋಡೆ ಒಡೆದು ಇನ್ನೊಂದು ಬಾಗಿಲು ಇಡಿಸಬೇಕೆಂದು ಹಟ ಹಿಡಿದರು. ಶೆಡ್ಡಿನ ಹಿಂದೆ ಬಯಲು, ಬಯಲಲ್ಲಿ ಒಂದು ಹೊಂಗೆ ಮರ. ತಾರಸಿಯಲ್ಲಿ ಆ ಮರದ ಜಾಗಕ್ಕೆ ನೀರಿನ ತೊಟ್ಟಿ ಇತ್ತು. ಬೆಂಕಿ ಬಿತ್ತು ಎಂದುಕೊಂಡು, ಚಾಪೆಯಿಂದ ಹಿಂಬಾಗಿಲಿಗೆ, ಹಿಂಬಾಗಿಲಿಂದ ತೊಟ್ಟಿಗೆ ನನ್ನನ್ನು ಮಗು ಮಾಡಿ ಎಷ್ಟು ಸಲ ನಡೆಸಿದರೋ. ಕೊನೆಗೆ ಒಂದು ಹಗ್ಗಕ್ಕೆ ಸಾಲಾಗಿ ಗಂಟು ಹಾಕಿದರು. ಒಂದೊಂದು ಮಗುವಿಗೆ ಒಂದೊಂದು ಗಂಟು. ಮುಂದೆ ಗಂಗಮ್ಮ, ಹಿಂದೆ ನಾನು. ಶಿಶುವಿಹಾರ ಶುರುವಾದ ಮೇಲೆ ಮಕ್ಕಳಿಗೆ ಅದೇ ಮೆಚ್ಚಿನ ಆಟವಾಯಿತು. ರೈಲು ರೈಲು ಎಂದು ಕೂಗಿಕೊಂಡು ಹಗ್ಗ ಹಿಡಿದು ಮರದವರೆಗೆ ಹೋಗಿ ಬರುತ್ತಿದ್ದವು.

ಯೋಜನೆಯಲ್ಲಿ ತಾಯಂದಿರೂ ಇದ್ದರು. ಬೆಳಗ್ಗೆ ಮುಂಬಾಗಿಲಿಗೆ ತಂದು ಬಿಡುವರು, ಸಂಜೆ ಮುಂಬಾಗಿಲಿಂದ ಕರೆದೊಯ್ಯುವರು ಎಂದು ಬರೆದಿದ್ದೆ. ತಾರಸಿಯ ಮೇಲೆ ತಾಯಿ ಎಂದರೆ ಬಾಗಿಲವರೆಗೆ ಬಂದು ಮಗು ಒಪ್ಪಿಸಿ ಮಾಯವಾಗುವವಳು. ನಾನು ಮದುವೆಯಾಗದವಳು, ಗಂಗಮ್ಮ ಮಕ್ಕಳಿಲ್ಲದವಳು, ಅವರು ಒಂಟಿ. ಹೊಸ್ತಿಲಾಚೆ ಹೋದ ಮೇಲೆ ಆ ತಾಯಿ ಏನು ಮಾಡುತ್ತಿರುತ್ತಾಳೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಬೆಂಕಿ ಬಿದ್ದದ್ದು ಒಂದು ಮಧ್ಯಾಹ್ನ. ಊಟವಾಗಿ ಮಕ್ಕಳು ಮಲಗಿದ್ದವು. ಮೊದಲು ಬಂದದ್ದು ಪರಿಮಳ. ಲಗ್ಗೆರೆಯ ಆ ಬೀದಿಯಲ್ಲಿ ಗಂಧದ ವಾಸನೆ ಹೊಸದಲ್ಲ, ನಾವು ಗಮನಿಸಲಿಲ್ಲ. ಯಾರೋ ದೊಡ್ಡ ಪೂಜೆ ಮಾಡುತ್ತಿರುವಂತೆ ವಾಸನೆ ದಟ್ಟವಾಗುತ್ತಾ ಹೋಯಿತು. ಆಮೇಲೆ ಗೋಡೆಯ ಮೇಲ್ತುದಿಯಿಂದ ಹೊಗೆ ಸುರಿಯತೊಡಗಿತು. ಗಂಗಮ್ಮ ಹಗ್ಗ ತೆಗೆದುಕೊಂಡು, "ರೈಲು ಬಂತು, ಏಳ್ರೋ" ಅಂದಳು. ನಿದ್ದೆಗಣ್ಣಿನ ಮಕ್ಕಳು ಗಂಟು ಹಿಡಿದು ಹೊರಟವು. ತೊಟ್ಟಿಲಲ್ಲಿದ್ದ ರತ್ನಿ ಎಂಬ ಕೂಸನ್ನು ನಾನು ಸೊಂಟಕ್ಕೇರಿಸಿಕೊಂಡು ಹಗ್ಗದ ತುದಿ ಹಿಡಿದೆ.

ಆ ದಿನ ಪರಮೇಶ್ವರಯ್ಯನವರೂ ಬಂದಿದ್ದರು. ವಾರದಲ್ಲೊಂದು ದಿನ ಬಂದು ಮರದ ಕೆಳಗೆ ಕೂತು ನೋಡುವುದು ಅವರ ರೂಢಿ. ಹಗ್ಗ ಬರುವುದನ್ನು ಕಂಡು ಎದ್ದು ನಿಂತರು. ಪ್ರತಿ ಮಗುವಿನ ತಲೆ ಮುಟ್ಟಿ ಮುಟ್ಟಿ ಎಣಿಸಿದರು. ಯಾರೂ ಉಳಿದಿರಲಿಲ್ಲ. "ಎಲ್ಲಾ ಬಂದ್ವು" ಅಂದರು. ಅಂಥ ಸಂತೋಷವನ್ನು ಅವರ ಮುಖದಲ್ಲಿ ನಾನು ಆ ಮೊದಲು ಕಂಡಿರಲಿಲ್ಲ.

ಆಗ ಶೆಡ್ಡಿನ ಒಳಗಿಂದ ಒಂದು ದನಿ ಬಂತು. "ರತ್ನೀ..."

ಹೊಗೆ ಕಂಡು ಊದುಬತ್ತಿ ಶೆಡ್ಡಿನಿಂದ ತಾಯಂದಿರು ಓಡಿ ಬಂದಿದ್ದರು. ತಾವು ಮಗು ಬಿಟ್ಟ ಬಾಗಿಲಿಗೇ ಬಂದಿದ್ದರು. ಮುಂದಿನ ಅಂಗಳದಲ್ಲಿ ಒಂದೂ ಮಗು ಇಲ್ಲ. ಒಳಗೆ ಹೊಗೆ. ಮಕ್ಕಳು ಒಳಗೇ ಇವೆ ಎಂದು ನುಗ್ಗಿಬಿಟ್ಟಿದ್ದರು. ನಮ್ಮ ರೈಲು, ನಮ್ಮ ಮರ ಅವರಿಗೆ ಗೊತ್ತೇ ಇರಲಿಲ್ಲ. ಅದೆಲ್ಲ ನಡೆಯುತ್ತಿದ್ದದ್ದು ಅವರು ಕೆಲಸದಲ್ಲಿರುವ ಹೊತ್ತಿನಲ್ಲಿ.

ನಾನು ಕೂಗಿದೆ. "ಇಲ್ಲಿದೆ, ಮಗು ಇಲ್ಲಿದೆ, ಬನ್ನಿ ಆಚೆ." ಗಂಗಮ್ಮನೂ ಕೂಗಿದಳು. ಆ ಹೊತ್ತಿಗೆ ಛಾವಣಿಯ ಸಿಮೆಂಟ್ ಶೀಟುಗಳು ಕಾದು ಪಟಾಕಿಯಂತೆ ಸಿಡಿಯತೊಡಗಿದ್ದವು. ಪರಮೇಶ್ವರಯ್ಯ ಕೊಡೆ ನೆಲಕ್ಕೆ ಹಾಕಿ ಹಿಂಬಾಗಿಲ ಕಡೆ ಹೋದರು. ಓಡಲಿಲ್ಲ, ದಾಪುಗಾಲು ಹಾಕಿಕೊಂಡು ಹೋದರು. ಕಣ್ಣು ಕಾಣದ ಹೊಗೆಯಲ್ಲಿ ಅವರಿಗೆ ಒಳಗಿನ ಜಾಗ ಗೊತ್ತಿತ್ತು. ಅಷ್ಟು ಸಲ ನಡೆದಿದ್ದರಲ್ಲ. ಒಬ್ಬಳನ್ನು ಹಿಂಬಾಗಿಲಿಂದ ಹೊರಗೆ ನೂಕಿದರು, ಇನ್ನೊಬ್ಬಳನ್ನು ನೂಕಿದರು. ಉಳಿದವರು ಹೇಗೋ ಮುಂದಿನಿಂದಲೇ ಹೊರಗೆ ಬಿದ್ದರು. ರತ್ನಿಯ ತಾಯಿ ಲಕ್ಷ್ಮಮ್ಮ ಮಾತ್ರ ಬರಲಿಲ್ಲ. ಅವಳು ಕೂಗುತ್ತಲೇ ಇದ್ದಳು. ನನ್ನ ಸೊಂಟದ ಮೇಲಿದ್ದ ಕೂಸು ತಾಯಿಯ ದನಿ ಗುರುತು ಹಿಡಿದು ಆ ಕಡೆಗೆ ಕೈ ಚಾಚಿ ನಗುತ್ತಿತ್ತು.

ನಾನು ಇಂದಿಗೂ ನಿಂತಿರುವುದು ಅಲ್ಲೇ. ಒಂದು ಕೈಯಲ್ಲಿ ಹಗ್ಗದ ತುದಿ, ಇನ್ನೊಂದು ತೋಳಿನಲ್ಲಿ ಕೂಸು. ಹಗ್ಗ ಬಿಟ್ಟರೆ ಮಕ್ಕಳು ಅಮ್ಮಂದಿರ ಕಡೆಗೆ ಓಡುತ್ತವೆ. ಬಿಡದಿದ್ದರೆ ಆ ದನಿ. ವಿಜಯನಗರದ ಮಾರ್ಕೆಟ್ಟಿನಲ್ಲಿ ಯಾರಾದರೂ ತಮ್ಮ ಹುಡುಗಿಯನ್ನು ರತ್ನೀ ಎಂದು ಕರೆದರೆ ಸೊಪ್ಪು ಕೊಳ್ಳುತ್ತಿದ್ದವಳು ಹಾಗೇ ನಿಂತುಬಿಡುತ್ತೇನೆ. ನಮ್ಮ ಮನೆಯಲ್ಲಿ ದೇವರ ಮುಂದೆ ಊದುಬತ್ತಿ ಹಚ್ಚುವುದಿಲ್ಲ. ಯಾಕೆಂದು ಕೇಳಿದವರಿಗೆ ನೆಗಡಿ ಅನ್ನುತ್ತೇನೆ.

ಕೂಗು ನಿಂತಿತು. ಒಂದೆಡೆ ಛಾವಣಿ ಕುಸಿಯಿತು. ಆಮೇಲೆ ಹಿಂಬಾಗಿಲಲ್ಲಿ ಅವರು ಕಾಣಿಸಿದರು. ಲಕ್ಷ್ಮಮ್ಮನನ್ನು ಎರಡೂ ತೋಳುಗಳಿಂದ ಎಳೆದುಕೊಂಡು, ಹಿಮ್ಮುಖವಾಗಿ ಬರುತ್ತಿದ್ದರು.

ಲಕ್ಷ್ಮಮ್ಮ ಬದುಕಿದಳು. ಅವಳ ಕುತ್ತಿಗೆಯ ಒಂದು ಭಾಗ, ಒಂದು ಕಿವಿ ಮೊದಲಿನಂತಾಗಲಿಲ್ಲ. ಪರಮೇಶ್ವರಯ್ಯನವರ ಎರಡು ಕೈಗಳೂ ಸುಟ್ಟಿದ್ದವು. ಹೊಗೆ ಎದೆಯೊಳಗೆ ಇಳಿದಿತ್ತು. ಆಸ್ಪತ್ರೆಗೆ ಕಮಿಟಿಯವರೆಲ್ಲ ಹಣ್ಣು ಹಿಡಿದು ಬಂದರು. "ಒಂದು ಮಗೂಗೂ ಏನೂ ಆಗ್ಲಿಲ್ಲ ಸಾರ್, ಎಲ್ಲಾ ನಿಮ್ಮ ಪ್ಲಾನು" ಎಂದು ಹೊಗಳಿದರು. ಪರಮೇಶ್ವರಯ್ಯನವರು ಗೋಡೆ ನೋಡುತ್ತಿದ್ದರು. ಎಲ್ಲ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. ದನಿ ಪಿಸುಗುಟ್ಟುವಷ್ಟೇ ಉಳಿದಿತ್ತು.

"ತಾಯಿನ ನಡೆಸ್ಲಿಲ್ಲ ಕಣಮ್ಮ ನಾವು."

ನಾನು ಏನೋ ಸಮಾಧಾನ ಹೇಳಲು ಹೋದೆ.

"ಮಳೆನೂ ಆದೆ. ಹಾಲಿನವನೂ ಆದೆ" ಅಂದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ತಾರಸಿಯ ಮೇಲೆಯೇ. ಆಸ್ಪತ್ರೆಯಿಂದ ಬಂದಿದ್ದರು. ಕುಣಿಗಲ್ ಕಡೆಯ ತಮ್ಮ ಕರೆದುಕೊಂಡು ಹೋಗಲು ಮಾರನೆಯ ದಿನ ಬರುವುದಿತ್ತು. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ರಂಗೋಲಿ ಡಬ್ಬಿಯನ್ನು ಕಣ್ಣಲ್ಲೇ ತೋರಿಸಿ, "ನೀನು ಎಳಿ" ಅಂದರು.

ಲಗ್ಗೆರೆಯ ಶೆಡ್ಡನ್ನು ನಾನು ಬರೆದೆ. ನನ್ನ ಗೆರೆಗಳು ಡೊಂಕಾಗಿ ಬಂದವು. ಮುಂಬಾಗಿಲು ಬಿಟ್ಟೆ, ಹಿಂಬಾಗಿಲು ಬಿಟ್ಟೆ. ತೊಟ್ಟಿಲಿನ ಜಾಗದಲ್ಲಿ ಒಂದು ಇಟ್ಟಿಗೆ ಇಟ್ಟೆ.

"ಈಗ ನೀವು ಯಾರು ಸಾರ್?" ಅಂದೆ. ನಾನು ಅವರನ್ನು ಕೇಳಿದ್ದು ಅದೇ ಮೊದಲು.

"ಲಕ್ಷ್ಮಮ್ಮ" ಅಂದರು.

ಮೆಟ್ಟಿಲ ತುದಿಗೆ ಹೋಗಿ ಅಲ್ಲಿಂದ ಹೊರಟರು. ಕೆಮ್ಮುತ್ತಾ, ನಿಲ್ಲುತ್ತಾ, ಮುಂಬಾಗಿಲಿಗೆ ಬಂದರು. ಒಳಗೆ ಹೋದರು. ಚಾಪೆಗಳಿದ್ದ ಜಾಗದಲ್ಲಿ ಬಗ್ಗಿ ನೋಡಿದರು. ಇಟ್ಟಿಗೆಯ ಬಳಿ ಹೋಗಿ ನಿಂತರು. ನಿಂತೇ ಇದ್ದರು. ನಾನು ತೊಟ್ಟಿಯ ಹತ್ತಿರ, ಅಂದರೆ ಮರದ ಕೆಳಗೆ ಇದ್ದೆ.

"ಸಾರ್, ಆಚೆ ಬನ್ನಿ. ಮಗು ಇಲ್ಲಿದೆ."

ಅವರು ಕದಲಲಿಲ್ಲ.

"ಬನ್ನಿ ಸಾರ್."

"ಕೇಳಿಸಲ್ಲಮ್ಮ. ಒಳಗೆ ನಿಂತವಳಿಗೆ ನೀನು ಕೂಗೋದು ಕೇಳಿಸಲ್ಲ" ಅಂದರು. ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳಲು ಕೈ ಬರುವಂತಿರಲಿಲ್ಲ. ನಾನು ಬಾಗಿಲಿನ ಮೂಲಕ ಒಳಗೆ ಹೋಗಿ ತೋಳು ಹಿಡಿದುಕೊಂಡೆ. ಹಿಂಬಾಗಿಲಿಂದಲೇ ಹೊರಗೆ ಕರೆತಂದೆ.

ತೊಟ್ಟಿಯ ಕಟ್ಟೆಯ ಮೇಲೆ ಕೂತು ಆ ಗೆರೆಗಳನ್ನೇ ನೋಡಿದರು. "ಸಂಜೆ ಮಕ್ಕಳನ್ನ ಬಾಗಿಲಲ್ಲಿ ಒಪ್ಪಿಸ್ಬೇಡಿ. ಮರದ ಕೆಳಗೆ ಒಪ್ಸಿ. ದಿನಾ. ಮಳೆ ಬಂದ್ರೂ ಕೊಡೆ ಹಿಡ್ಕೊಂಡು ಅಲ್ಲೇ" ಅಂದರು. ಮತ್ತೆ, "ಭಯ ಆದಾಗ ತಲೆ ಓಡಲ್ಲ ಕಣಮ್ಮ, ಕಾಲು ಓಡುತ್ತೆ. ಮಗು ಸಿಗೋ ಜಾಗ ಕಾಲಿಗೆ ಗೊತ್ತಿರ್ಬೇಕು" ಅಂದರು.

ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರೆಂದು ಕಾರ್ಯದರ್ಶಿಗಳು ಹೇಳಿದರು. ಊದುಬತ್ತಿಯ ಗೋಡೌನಿನಿಂದ ದೂರದಲ್ಲಿ ಬೇರೆ ಶೆಡ್ಡು ಹಿಡಿದು ಲಗ್ಗೆರೆಯ ಶಿಶುವಿಹಾರವನ್ನು ಮತ್ತೆ ತೆರೆದೆವು. ಆಮೇಲೆ ಬೇರೆ ಊರುಗಳಲ್ಲೂ ತೆರೆದೆವು. ಯೋಜನೆಗಳನ್ನು ನಾನೇ ಬರೆದೆ. ಎಲ್ಲ ಕಡೆಯೂ ಸಂಜೆ ತಾಯಂದಿರು ಕಟ್ಟಡಕ್ಕೆ ಬರುವುದಿಲ್ಲ, ಸ್ವಲ್ಪ ದೂರದ ಒಂದು ಮರಕ್ಕೆ ಬರುತ್ತಾರೆ. ದಾನಿಗಳು ಇದೇನು ಪದ್ಧತಿ ಎಂದು ಕೇಳುತ್ತಾರೆ. ಲಗ್ಗೆರೆಯಲ್ಲಿ ಎಲ್ಲರಿಗಿಂತ ಮೊದಲು ಬಂದು ಮರದ ಕೆಳಗೆ ನಿಲ್ಲುತ್ತಿದ್ದವಳು ಲಕ್ಷ್ಮಮ್ಮ. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ನಿಂತಿರುತ್ತಿದ್ದಳು.

ಅವರು ತೀರಿಕೊಂಡ ಮುಂದಿನ ಬೇಸಿಗೆಯಲ್ಲಿ, ಆ ಸಂಜೆಯಿಂದ ತೆಗೆದುಕೊಳ್ಳದೆ ಅಲ್ಲೇ ಉಳಿದಿದ್ದ ನನ್ನ ಕೊಡೆ ತೆಗೆದುಕೊಳ್ಳುವ ನೆಪ ಮಾಡಿಕೊಂಡು ರಾಜಾಜಿನಗರದ ಆ ಮನೆಗೆ ಹೋದೆ. ಕೋಣೆಗೆ ಬೀಗ ಹಾಕಿತ್ತು. ಬಾಡಿಗೆಗೆ ಇನ್ನೂ ಯಾರೂ ಬಂದಿರಲಿಲ್ಲ. ಗೆರೆಗಳು ಮಳೆಗೆ ಎಂದೋ ಹೋಗಿದ್ದವು. ತಾರಸಿಯ ತುಂಬ ಜಯಮ್ಮನವರ ಹಪ್ಪಳ, ಕಾಲಿಡಲು ಜಾಗವಿಲ್ಲದಂತೆ. ನಡುವೆ ಮಾತ್ರ ಒಳ್ಳೆ ಬಿಸಿಲಿದ್ದ ಒಂದು ಉದ್ದನೆಯ ಚೌಕ ಹಾಗೇ ಖಾಲಿ ಬಿದ್ದಿತ್ತು.

"ಅಲ್ಲಿ ಯಾಕೆ ಹಾಕಿಲ್ಲ ಜಯಮ್ಮನೋರೆ?"

ಅವರು ಹಪ್ಪಳ ತಿರುವಿ ಹಾಕುತ್ತಾ, ತಲೆ ಎತ್ತದೆ ಹೇಳಿದರು. "ಅಲ್ಲಿ ಮಕ್ಕಳು ಮಲಗಿರ್ತಾವಲ್ಲಮ್ಮ."

ಕೊಡೆ ಆಚೆ ಕಡೆ ತೊಟ್ಟಿಯ ಪಕ್ಕ ಒರಗಿತ್ತು. ಆ ಖಾಲಿ ಜಾಗವನ್ನು ಅಡ್ಡ ಹಾಯ್ದರೆ ನಾಲ್ಕು ಹೆಜ್ಜೆ. ನಾನು ಹಪ್ಪಳಗಳ ನಡುವೆ ಸುತ್ತಿಕೊಂಡು ಮುಂಬಾಗಿಲು ಇದ್ದ ಕಡೆಗೆ ಹೋದೆ, ಒಳಗೆ ನಡೆದೆ, ಇಟ್ಟಿಗೆ ಇಟ್ಟಿದ್ದ ಜಾಗದಲ್ಲಿ ಒಂದು ಗಳಿಗೆ ನಿಂತೆ. ಯಾರೂ ಕೂಗಲಿಲ್ಲ. ಹಿಂಬಾಗಿಲಿಂದ ಹೊರಗೆ ಬಂದೆ.